ಕೆನ್ ಮೈಲ್ಸ್

ಕೆನ್ನೆತ್ ಹೆನ್ರಿ ಮೈಲ್ಸ್ (1 ನವೆಂಬರ್ 1918 – 17 ಆಗಸ್ಟ್ 1966) ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಕಾರು ರೇಸ್ ಚಾಲಕ, ಮೆಕ್ಯಾನಿಕ್ ಹಾಗೂ ರೇಸಿಂಗ್ ಎಂಜಿನಿಯರ್. ಕ್ಯಾರೊಲ್ ಶೆಲ್ಬಿ ಅವರ 'ಶೆಲ್ಬಿ ಅಮೆರಿಕನ್' ಸಂಸ್ಥೆಯ ಪ್ರಮುಖ ಪರೀಕ್ಷಾ ಚಾಲಕರಾಗಿ ಇವರು ಶೆಲ್ಬಿ ಕೋಬ್ರಾ, ಮಸ್ಟಾಂಗ್ ಜಿಟಿ350 ಮತ್ತು ಫೋರ್ಡ್ ಜಿಟಿ40 ಕಾರುಗಳನ್ನು ರೇಸ್‌ಗೆ ಅಣಿಗೊಳಿಸಿದರು. 1966ರಲ್ಲಿ ಡೇಟೋನಾ 24 ಗಂಟೆಗಳ ರೇಸ್ ಮತ್ತು ಸೆಬ್ರಿಂಗ್ 12 ಗಂಟೆಗಳ ರೇಸ್‌ಗಳನ್ನು ಗೆದ್ದ ಇವರು ಅದೇ ವರ್ಷದ ಲೆ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ ಎರಡನೆಯ ಸ್ಥಾನ ಪಡೆದರು. ಡೇಟೋನಾ ಮತ್ತು ಲೆ ಮಾನ್ಸ್ ಎರಡರಲ್ಲೂ ಇವರು ಚಲಾಯಿಸಿದ್ದು ಪಿ/1015 ಎಂಬ ಚಾಸಿ ಸಂಖ್ಯೆಯ ಒಂದೇ ಜಿಟಿ40 ಮಾರ್ಕ್ 2 ಕಾರು. ಲೆ ಮಾನ್ಸ್‌ನಲ್ಲಿ ಆ ಕಾರು ಎರಡನೆಯ ಸ್ಥಾನಕ್ಕೆ ಇಳಿದ ಬಗೆ ಮೋಟಾರು ರೇಸ್‌ಗಳ ಇತಿಹಾಸದಲ್ಲಿ ಇಂದಿಗೂ ಚರ್ಚೆಯ ವಿಷಯವಾಗಿದೆ. ಆ ರೇಸ್ ನಡೆದ ಎರಡು ತಿಂಗಳೊಳಗೆ, ಹೊಸ ಕಾರೊಂದನ್ನು ಪರೀಕ್ಷಿಸುತ್ತಿದ್ದಾಗ ಮೈಲ್ಸ್ ಅಪಘಾತದಲ್ಲಿ ಮೃತಪಟ್ಟರು.

ಆರಂಭಿಕ ಜೀವನ

ಮೈಲ್ಸ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಮೀಪದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ಶಾಲೆಯನ್ನು ಬಿಟ್ಟು ವೂಲ್ಸ್‌ಲಿ ಮೋಟಾರ್ಸ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದರು. ವಾಹನ ತಯಾರಿಕೆಯ ತಾಂತ್ರಿಕ ಶಿಕ್ಷಣ ಅವರಿಗೆ ದೊರೆತದ್ದು ಅಲ್ಲಿಯೇ. ಮೊದಲಿಗೆ ಮೋಟಾರ್ ಸೈಕಲ್ ರೇಸ್‌ಗಳಲ್ಲಿ ಭಾಗವಹಿಸುತ್ತಿದ್ದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಸೇವೆ ಸಲ್ಲಿಸಿ, ಟ್ಯಾಂಕ್ ದಳದಲ್ಲಿ ಸಾರ್ಜೆಂಟ್ ಹುದ್ದೆಯವರೆಗೆ ಏರಿದರು. 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಕಾರ್ಯಾಚರಣೆಯಲ್ಲಿ ಇವರೂ ಇದ್ದರು. ಯುದ್ಧ ಮುಗಿದ ಮೇಲೆ ಹಳೆಯ ಬುಗಾಟ್ಟಿ, ಆಲ್ಫಾ ರೋಮಿಯೊ ಮತ್ತು ಆಲ್ವಿಸ್ ಕಾರುಗಳನ್ನು ಇಂಗ್ಲೆಂಡಿನ ಕ್ಲಬ್ ರೇಸ್‌ಗಳಲ್ಲಿ ಚಲಾಯಿಸಿದರು. ಅನಂತರ ಫ್ರೇಜರ್ ನ್ಯಾಶ್ ಕಾರೊಂದಕ್ಕೆ ಫೋರ್ಡ್ ವಿ8 ಎಂಜಿನ್ ಅಳವಡಿಸಿ ರೇಸ್‌ಗಿಳಿಸಿದರು. ಹಗುರವಾದ ಒಂದು ಕಾರಿಗೆ ಮತ್ತೊಂದು ಕಂಪನಿಯ ಬಲವಾದ ಎಂಜಿನ್ ಜೋಡಿಸುವ ಈ ವಿಧಾನವನ್ನು ಮೈಲ್ಸ್ ಮುಂದೆಯೂ ಅನೇಕ ಬಾರಿ ಅನುಸರಿಸಿದರು.

ಅಮೆರಿಕದಲ್ಲಿ

1952ರಲ್ಲಿ ಮೈಲ್ಸ್ ಕುಟುಂಬ ಸಮೇತರಾಗಿ ಲಾಸ್ ಏಂಜಲೀಸ್‌ಗೆ ತೆರಳಿದರು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎಂಜಿ ಕಾರುಗಳ ವಿತರಕರಾಗಿದ್ದ ಗಾಫ್ ಇಂಡಸ್ಟ್ರೀಸ್‌ನಲ್ಲಿ ಸರ್ವಿಸ್ ವಿಭಾಗದ ಮ್ಯಾನೇಜರ್ ಆದರು. ಎಂಜಿ ಕಾರಿನ ಬಿಡಿಭಾಗಗಳನ್ನು ಬಳಸಿ ತಾವೇ ವಿನ್ಯಾಸಗೊಳಿಸಿ ನಿರ್ಮಿಸಿದ ಕಾರಿನಲ್ಲಿ 1953ರಲ್ಲಿ ಸತತವಾಗಿ 14 ರೇಸ್‌ಗಳನ್ನು ಗೆದ್ದರು. ಅನಂತರ ನಿರ್ಮಿಸಿದ ಎರಡನೆಯ ಎಂಜಿ ಕಾರು, ನೆಲಕ್ಕೆ ಅಂಟಿದಂತಿದ್ದ ತನ್ನ ಚಪ್ಪಟೆ ಆಕಾರದಿಂದಾಗಿ 'ಫ್ಲೈಯಿಂಗ್ ಶಿಂಗಲ್' ಎಂಬ ಅಡ್ಡಹೆಸರು ಪಡೆಯಿತು.

1955ರಲ್ಲಿ ಎಂಜಿ ಕಂಪನಿ ಫ್ರಾನ್ಸಿನ ಲೆ ಮಾನ್ಸ್ ರೇಸ್‌ಗೆ ಕಳುಹಿಸಿದ ತಂಡದಲ್ಲಿ ಮೈಲ್ಸ್ ಕೂಡ ಇದ್ದರು. ಜಾನಿ ಲಾಕೆಟ್ ಅವರೊಂದಿಗೆ ಎಂಜಿ ಇಎಕ್ಸ್182 ಕಾರನ್ನು ಚಲಾಯಿಸಿ ಒಟ್ಟಾರೆ 12ನೆಯ ಸ್ಥಾನ ಪಡೆದರು. ಆ ವರ್ಷದ ರೇಸ್‌ನಲ್ಲಿ ಮರ್ಸಿಡಿಸ್ ಕಾರೊಂದು ಪ್ರೇಕ್ಷಕರ ಮೇಲೆ ಎರಗಿ 80ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಮೈಲ್ಸ್ ಅವರ ತಂಡದ ಮತ್ತೊಂದು ಎಂಜಿ ಕಾರಿನ ಚಾಲಕ ಡಿಕ್ ಜೇಕಬ್ಸ್ ಬೇರೊಂದು ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡರು.

1957ರ ಸಾಲಿಗೆ ಮೈಲ್ಸ್ ಕೂಪರ್ ಕಾರಿನ ಚಾಸಿಗೆ ಪೋರ್ಷೆ 550 ಕಾರಿನ ಎಂಜಿನ್ ಮತ್ತು ಗೇರ್ ಬಾಕ್ಸ್ ಅಳವಡಿಸಿದರು. ಎರಡೂ ಹೆಸರುಗಳನ್ನು ಬೆರೆಸಿ ಜನ ಇದನ್ನು 'ಪೂಪರ್' ಎಂದು ಕರೆದರು. 1961ರಲ್ಲಿ ಅವರು ಅಮೆರಿಕದ ಯುಎಸ್‌ಎಸಿ ರೋಡ್ ರೇಸಿಂಗ್ ಚಾಂಪಿಯನ್ ಆದರು. 1963ರ ಆರಂಭದಲ್ಲಿ ಸನ್‌ಬೀಮ್ ಆಲ್ಪೈನ್ ಎಂಬ ಸಣ್ಣ ಕಾರಿಗೆ ಫೋರ್ಡ್ ವಿ8 ಎಂಜಿನ್ ಹಿಡಿಸಬಹುದು ಎಂಬುದನ್ನು ಮಾದರಿ ಕಾರೊಂದನ್ನು ಕಟ್ಟಿ ತೋರಿಸಿಕೊಟ್ಟರು. ಮುಂದೆ ಮಾರುಕಟ್ಟೆಗೆ ಬಂದ ಸನ್‌ಬೀಮ್ ಟೈಗರ್ ಕಾರಿನ ಹುಟ್ಟಿಗೆ ಈ ಪ್ರಯೋಗವೂ ಕಾರಣ.

ಶೆಲ್ಬಿ ಅಮೆರಿಕನ್

ಟೆಕ್ಸಾಸಿನ ಕ್ಯಾರೊಲ್ ಶೆಲ್ಬಿ 1959ರಲ್ಲಿ ಆಸ್ಟನ್ ಮಾರ್ಟಿನ್ ಕಾರಿನಲ್ಲಿ ಲೆ ಮಾನ್ಸ್ ಗೆದ್ದ ಚಾಲಕ. ಹೃದಯದ ಕಾಯಿಲೆಯಿಂದಾಗಿ ರೇಸ್‌ಗಳಿಂದ ನಿವೃತ್ತರಾದ ಮೇಲೆ, ಬ್ರಿಟನ್ನಿನ ಎಸಿ ಕಾರಿಗೆ ಫೋರ್ಡ್ ವಿ8 ಎಂಜಿನ್ ಜೋಡಿಸಿ ಕೋಬ್ರಾ ಕಾರನ್ನು ತಯಾರಿಸುತ್ತಿದ್ದರು. 1963ರಲ್ಲಿ ಮೈಲ್ಸ್ ಈ ಸಂಸ್ಥೆಯನ್ನು ಸೇರಿದರು. ಸ್ಪರ್ಧೆಯಲ್ಲಿ ಕಾರು ಚಲಾಯಿಸುವುದಕ್ಕಿಂತ ಕಾರಿನ ದೋಷವನ್ನು ಪತ್ತೆ ಹಚ್ಚಿ ಸರಿಪಡಿಸುವುದೇ ಇಲ್ಲಿ ಅವರ ಮುಖ್ಯ ಕೆಲಸವಾಗಿತ್ತು. ಎಂಜಿನ್, ಬ್ರೇಕ್, ಸಸ್ಪೆನ್ಷನ್‌ಗಳಲ್ಲಿ ಎಲ್ಲಿ ಲೋಪವಿದೆ ಎಂಬುದನ್ನು ಚಾಲಕನಾಗಿ ಗ್ರಹಿಸಿ, ಮೆಕ್ಯಾನಿಕ್ ಆಗಿ ಅದಕ್ಕೆ ಪರಿಹಾರ ಸೂಚಿಸುವ ಸಾಮರ್ಥ್ಯ ಅವರಲ್ಲಿತ್ತು.

1964ರ ಆರಂಭದಲ್ಲಿ ಪೀಟರ್ ಬ್ರಾಕ್ ವಿನ್ಯಾಸಗೊಳಿಸಿದ ಕೋಬ್ರಾ ಡೇಟೋನಾ ಕೂಪೆ ಕಾರನ್ನು ಮೈಲ್ಸ್ ರಿವರ್‌ಸೈಡ್ ಟ್ರ್ಯಾಕ್‌ನಲ್ಲಿ ಪರೀಕ್ಷಿಸಿದರು. ಫೆರಾರಿ ಕಂಪನಿಯ ಪ್ರಾಬಲ್ಯವಿದ್ದ ಜಿಟಿ ವರ್ಗದಲ್ಲಿ 1965ರ ವಿಶ್ವ ಚಾಂಪಿಯನ್‌ಷಿಪ್ ಶೆಲ್ಬಿ ತಂಡದ ಪಾಲಾಯಿತು. ಅದೇ ವರ್ಷ ಫೆಬ್ರವರಿ 14ರಂದು ಟೆಕ್ಸಾಸಿನ ಗ್ರೀನ್ ವ್ಯಾಲಿ ಟ್ರ್ಯಾಕ್‌ನಲ್ಲಿ ಶೆಲ್ಬಿ ಮಸ್ಟಾಂಗ್ ಜಿಟಿ350 ಕಾರಿಗೆ ಮೊದಲ ರೇಸ್‌ನಲ್ಲೇ ಗೆಲುವು ತಂದುಕೊಟ್ಟವರೂ ಮೈಲ್ಸ್.

ಜಿಟಿ40 ಕಾರಿನ ಹಿನ್ನೆಲೆ

1963ರಲ್ಲಿ ಫೋರ್ಡ್ ಕಂಪನಿ ಇಟಲಿಯ ಫೆರಾರಿ ಕಂಪನಿಯನ್ನು ಕೊಳ್ಳಲು ಯತ್ನಿಸಿತು. ರೇಸ್ ತಂಡದ ಹಿಡಿತ ಕೈತಪ್ಪುವುದನ್ನು ಒಪ್ಪದ ಎಂಜೊ ಫೆರಾರಿ ಕೊನೆಯ ಹಂತದಲ್ಲಿ ಮಾತುಕತೆಯನ್ನು ಮುರಿದರು. ಇದಾದ ಮೇಲೆ ಕಂಪನಿಯ ಅಧ್ಯಕ್ಷ ಎರಡನೆಯ ಹೆನ್ರಿ ಫೋರ್ಡ್, ಲೆ ಮಾನ್ಸ್‌ನಲ್ಲಿಯೇ ಫೆರಾರಿಯನ್ನು ಸೋಲಿಸಬಲ್ಲ ಕಾರಿನ ನಿರ್ಮಾಣಕ್ಕೆ ಮುಂದಾದರು. ಫೆರಾರಿ 1960ರಿಂದ 1965ರವರೆಗೆ ಸತತವಾಗಿ ಆರು ವರ್ಷ ಲೆ ಮಾನ್ಸ್ ಗೆದ್ದಿತ್ತು.

ಇಂಗ್ಲೆಂಡಿನಲ್ಲಿ ರೂಪುಗೊಂಡ ಹೊಸ ಕಾರು ನೆಲದಿಂದ ಕೇವಲ 40 ಅಂಗುಲ, ಅಂದರೆ ಸುಮಾರು ಒಂದು ಮೀಟರ್ ಎತ್ತರವಿತ್ತು. ಜಿಟಿ40 ಎಂಬ ಹೆಸರು ಬಂದದ್ದು ಇದರಿಂದಲೇ. 'ಜಿಟಿ' ಎಂಬುದು ದೂರದ ಪ್ರಯಾಣಕ್ಕೆ ತಕ್ಕ ವೇಗದ ಕಾರು ಎಂಬರ್ಥದ 'ಗ್ರ್ಯಾನ್ ಟುರಿಸ್ಮೊ' ಎಂಬ ಇಟಾಲಿಯನ್ ಪದಗಳ ಸಂಕ್ಷೇಪ. 1964ರ ಏಪ್ರಿಲ್‌ನಲ್ಲಿ ಲೆ ಮಾನ್ಸ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಕಾರುಗಳೂ ಅಪಘಾತಕ್ಕೀಡಾದವು. ಅತಿ ವೇಗದಲ್ಲಿ ಗಾಳಿಯ ಒತ್ತಡ ಕಾರನ್ನು ನೆಲದಿಂದ ಮೇಲೆತ್ತುತ್ತಿದ್ದುದು ದೊಡ್ಡ ತೊಡಕಾಗಿತ್ತು. ಜೂನ್ ತಿಂಗಳ ಲೆ ಮಾನ್ಸ್ ರೇಸ್‌ನಲ್ಲಿ ಓಡಿದ ಮೂರು ಕಾರುಗಳಲ್ಲಿ ಒಂದೂ ಗುರಿ ತಲುಪಲಿಲ್ಲ. ಆ ವರ್ಷದ ಕೊನೆಗೆ ಫೋರ್ಡ್ ಈ ಕಾರಿನ ರೇಸ್ ಹೊಣೆಯನ್ನು ಶೆಲ್ಬಿ ಅವರಿಗೆ ಒಪ್ಪಿಸಿತು.

ಮೈಲ್ಸ್ ಮತ್ತು ಸಂಗಡಿಗರು ಕಾರಿನ ಮೈಮೇಲೆ ಉಣ್ಣೆಯ ಎಳೆಗಳನ್ನು ಅಂಟಿಸಿ, ಗಾಳಿ ಹರಿಯುವ ದಿಕ್ಕನ್ನು ಗಮನಿಸಿದರು. ರೇಡಿಯೇಟರ್ ಮತ್ತು ಬ್ರೇಕ್‌ಗಳನ್ನು ತಂಪಾಗಿಸಬೇಕಾದ ಗಾಳಿ ಸರಿಯಾದ ಹಾದಿಯಲ್ಲಿ ಹರಿಯುತ್ತಿಲ್ಲವೆಂದು ತಿಳಿದು ಕೊಳವೆಗಳನ್ನು ಬದಲಿಸಿದರು. ಚಕ್ರ ಮತ್ತು ಸಸ್ಪೆನ್ಷನ್‌ಗಳನ್ನೂ ಪರಿಷ್ಕರಿಸಿದರು. ಇದರ ಫಲ ಬೇಗನೆ ಕಂಡುಬಂತು. 1965ರ ಫೆಬ್ರವರಿ 28ರಂದು ಡೇಟೋನಾದಲ್ಲಿ ನಡೆದ 2,000 ಕಿ.ಮೀ. ರೇಸ್‌ನಲ್ಲಿ ಮೈಲ್ಸ್ ಮತ್ತು ಲಾಯ್ಡ್ ರೂಬಿ ಜೋಡಿ ಜಿಟಿ40 ಕಾರಿಗೆ ಚೊಚ್ಚಲ ಗೆಲುವು ತಂದಿತು. ಮುಂದಿನ ತಿಂಗಳು ಸೆಬ್ರಿಂಗ್‌ನಲ್ಲಿ ಬ್ರೂಸ್ ಮೆಕ್ಲಾರೆನ್ ಅವರೊಂದಿಗೆ ಮೈಲ್ಸ್ ಎರಡನೆಯ ಸ್ಥಾನ ಪಡೆದರು. ಆದರೆ ಆ ವರ್ಷದ ಲೆ ಮಾನ್ಸ್‌ನಲ್ಲಿ ಎಲ್ಲ ಫೋರ್ಡ್ ಕಾರುಗಳೂ ಕೆಟ್ಟು ನಿಂತವು. ಮೈಲ್ಸ್ ಮತ್ತು ಮೆಕ್ಲಾರೆನ್ ಅವರ 7 ಲೀಟರ್ ಎಂಜಿನ್ನಿನ ಕಾರು ಗೇರ್ ಬಾಕ್ಸ್ ದೋಷದಿಂದ ಹೊರಬಿತ್ತು.

ಪಿ/1015 ಕಾರು ಮತ್ತು 1966ರ ರೇಸ್‌ಗಳು

1966ಕ್ಕೆ ಸಿದ್ಧವಾದ ಜಿಟಿ40 ಮಾರ್ಕ್ 2 ಕಾರಿನಲ್ಲಿ 6,997 ಸಿಸಿ ಸಾಮರ್ಥ್ಯದ ವಿ8 ಎಂಜಿನ್ ಇತ್ತು. ಇದು ಸುಮಾರು 485 ಅಶ್ವಶಕ್ತಿಯನ್ನು ಉತ್ಪಾದಿಸುತ್ತಿತ್ತು. ಹೆಸರಿನಲ್ಲಿ 'ಜಿಟಿ' ಎಂದಿದ್ದರೂ ಈ ಕಾರು ಸ್ಪರ್ಧಿಸಿದ್ದು ಪ್ರೊಟೊಟೈಪ್ ವರ್ಗದಲ್ಲಿ. ಇಷ್ಟು ಭಾರದ ಕಾರನ್ನು ಅತಿ ವೇಗದಿಂದ ನಿಧಾನಗೊಳಿಸುವಾಗ ಬ್ರೇಕ್ ಡಿಸ್ಕ್‌ಗಳು ಕೆಂಪಗೆ ಕಾಯ್ದು ಬಿರುಕು ಬಿಡುತ್ತಿದ್ದವು. ಇದಕ್ಕೆ ಪರಿಹಾರವಾಗಿ ಪಿಟ್‌ನಲ್ಲಿ ನಿಂತಾಗ ಡಿಸ್ಕ್‌ಗಳನ್ನು ಬೇಗನೆ ಬದಲಿಸುವ ವ್ಯವಸ್ಥೆಯನ್ನು ಶೆಲ್ಬಿ ತಂಡದ ಫಿಲ್ ರೆಮಿಂಗ್ಟನ್ ರೂಪಿಸಿದರು.

ಡೇಟೋನಾ: ಡೇಟೋನಾದ ದೀರ್ಘಾವಧಿ ರೇಸ್ ಮೊದಲ ಬಾರಿಗೆ 24 ಗಂಟೆಗಳ ಕಾಲ ನಡೆದದ್ದು 1966ರ ಫೆಬ್ರವರಿ 5 ಮತ್ತು 6ರಂದು. ಮೈಲ್ಸ್ ಮತ್ತು ರೂಬಿ 98ನೆಯ ಸಂಖ್ಯೆ ಹೊತ್ತ ಪಿ/1015 ಕಾರಿನಲ್ಲಿ 678 ಸುತ್ತುಗಳನ್ನು ಪೂರೈಸಿ ಗೆದ್ದರು. ಎರಡನೆಯ ಮತ್ತು ಮೂರನೆಯ ಸ್ಥಾನಗಳೂ ಫೋರ್ಡ್ ಪಾಲಾದವು. 7 ಲೀಟರ್ ಎಂಜಿನ್ 24 ಗಂಟೆ ತಾಳಬಲ್ಲದು ಎಂಬುದಕ್ಕೆ ಇದು ಮೊದಲ ಪುರಾವೆಯಾಯಿತು.

ಸೆಬ್ರಿಂಗ್: ಮಾರ್ಚ್ 26ರ ಸೆಬ್ರಿಂಗ್ 12 ಗಂಟೆಗಳ ರೇಸ್‌ನಲ್ಲಿ ಮೈಲ್ಸ್ ಮತ್ತು ರೂಬಿ 'ಎಕ್ಸ್-1' ಎಂಬ, ಮೇಲ್ಛಾವಣಿ ಇಲ್ಲದ ಬೇರೊಂದು ಕಾರನ್ನು ಓಡಿಸಿದರು. ಮುಂದಿದ್ದ ಡ್ಯಾನ್ ಗರ್ನಿ ಅವರ ಕಾರಿನ ಎಂಜಿನ್ ಕೊನೆಯ ಸುತ್ತಿನಲ್ಲಿ ಕೆಟ್ಟುಹೋಯಿತು. ಗರ್ನಿ ಕಾರನ್ನು ತಳ್ಳಿಕೊಂಡು ಗುರಿ ಮುಟ್ಟಿಸಿದರೂ ನಿಯಮದಂತೆ ಅವರನ್ನು ಅನರ್ಹಗೊಳಿಸಲಾಯಿತು. ಗೆಲುವು ಮೈಲ್ಸ್ ಜೋಡಿಗೆ ದೊರೆಯಿತು. ಇದೇ ರೇಸ್‌ನಲ್ಲಿ ಚಾಲಕ ಬಾಬ್ ಮೆಕ್ಲೀನ್ ಹಾಗೂ ನಾಲ್ವರು ಪ್ರೇಕ್ಷಕರು ಬೇರೆ ಬೇರೆ ಅಪಘಾತಗಳಲ್ಲಿ ಮೃತಪಟ್ಟರು. ಏಪ್ರಿಲ್‌ನಲ್ಲಿ ಲೆ ಮಾನ್ಸ್ ಪರೀಕ್ಷೆಯ ವೇಳೆ ಮಳೆಯಲ್ಲಿ ಅಪಘಾತಕ್ಕೀಡಾದ ಫೋರ್ಡ್ ಚಾಲಕ ವಾಲ್ಟ್ ಹ್ಯಾನ್ಸ್‌ಜೆನ್ ಕೆಲವು ದಿನಗಳ ನಂತರ ಕೊನೆಯುಸಿರೆಳೆದರು.

ಲೆ ಮಾನ್ಸ್: ಜೂನ್ 18 ಮತ್ತು 19ರಂದು ನಡೆದ ಲೆ ಮಾನ್ಸ್ ರೇಸ್‌ನಲ್ಲಿ ಒಟ್ಟು 13 ಫೋರ್ಡ್ ಕಾರುಗಳು ಕಣಕ್ಕಿಳಿದವು. ಅವುಗಳಲ್ಲಿ ಎಂಟು ಮಾರ್ಕ್ 2 ಮಾದರಿಯವು. ವಿಮಾನ ಅಪಘಾತದಲ್ಲಿ ಗಾಯಗೊಂಡಿದ್ದ ರೂಬಿ ಅವರ ಬದಲಿಗೆ ನ್ಯೂಜಿಲೆಂಡಿನ ಡೆನ್ನಿ ಹಲ್ಮ್ ಮೈಲ್ಸ್ ಅವರ ಜೊತೆಗಾರರಾದರು. ತಿಳಿನೀಲಿ ಬಣ್ಣದ ಪಿ/1015 ಈ ಬಾರಿ 1ನೆಯ ಸಂಖ್ಯೆಯ ಕಾರಾಗಿತ್ತು. ನ್ಯೂಜಿಲೆಂಡಿನವರೇ ಆದ ಬ್ರೂಸ್ ಮೆಕ್ಲಾರೆನ್ ಮತ್ತು ಕ್ರಿಸ್ ಆಮನ್ 2ನೆಯ ಸಂಖ್ಯೆಯ ಕಪ್ಪು ಕಾರಿನಲ್ಲಿದ್ದರು. ಅದರ ಚಾಸಿ ಸಂಖ್ಯೆ ಪಿ/1046.

ಬಾಗಿಲು ಸರಿಯಾಗಿ ಮುಚ್ಚದ ಕಾರಣ ಮೈಲ್ಸ್ ಮೊದಲ ಸುತ್ತಿನ ಕೊನೆಗೇ ಪಿಟ್‌ಗೆ ಬರಬೇಕಾಯಿತು. ಅದನ್ನು ಸರಿಪಡಿಸಿಕೊಂಡು, ಕಳೆದುಹೋದ ಸಮಯವನ್ನು ವೇಗದ ಸುತ್ತುಗಳಿಂದ ತುಂಬಿಕೊಂಡು ಮುನ್ನಡೆದರು. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಫೆರಾರಿಯ ಹೊಸ 330 ಪಿ3 ಕಾರುಗಳು ಅಪಘಾತ ಅಥವಾ ಯಾಂತ್ರಿಕ ದೋಷಗಳಿಂದ ಸೋತಿದ್ದವು. ಗರ್ನಿ ಅವರ ಕಾರೂ ಬೆಳಿಗ್ಗೆ ಹೊರಬಿತ್ತು. ಅಲ್ಲಿಂದ ಮುಂದೆ ಫೋರ್ಡ್ ಕಾರುಗಳಿಗೆ ಎದುರಾಳಿಗಳೇ ಉಳಿಯಲಿಲ್ಲ.

ಒಟ್ಟಿಗೆ ಗುರಿ ಮುಟ್ಟುವ ನಿರ್ಧಾರ

ರೇಸ್‌ನ ಕೊನೆಯ ಗಂಟೆಗಳಲ್ಲಿ ಮೈಲ್ಸ್ ಮುಂದಿದ್ದರು. ಕಾರುಗಳು ಪರಸ್ಪರ ಪೈಪೋಟಿಯಲ್ಲಿ ಕೆಡಬಾರದು, ಫೋರ್ಡ್ ಕಂಪನಿಯ ಗೆಲುವು ಒಂದೇ ಚಿತ್ರದಲ್ಲಿ ಜಗತ್ತಿಗೆ ಕಾಣಬೇಕು ಎಂಬ ಉದ್ದೇಶದಿಂದ, ರೇಸ್ ವಿಭಾಗದ ಮುಖ್ಯಸ್ಥ ಲಿಯೋ ಬೀಬಿ ಮತ್ತು ಇತರ ಅಧಿಕಾರಿಗಳು ಕಾರುಗಳು ಜೊತೆಯಾಗಿ ಗುರಿ ಮುಟ್ಟಬೇಕೆಂದು ತೀರ್ಮಾನಿಸಿದರು. ಅದರಂತೆ ಮೈಲ್ಸ್ ವೇಗ ತಗ್ಗಿಸಿ ಮೆಕ್ಲಾರೆನ್ ಅವರಿಗಾಗಿ ಕಾದರು. ಎರಡೂ ಕಾರುಗಳು ತಲಾ 360 ಸುತ್ತುಗಳನ್ನು ಪೂರೈಸಿದವು. ಹನ್ನೆರಡು ಸುತ್ತು ಹಿಂದಿದ್ದ ಮೂರನೆಯ ಫೋರ್ಡ್ ಕಾರು ಅವುಗಳ ಬೆನ್ನಿಗೇ ಬಂದಿತು.

ಜಂಟಿ ಗೆಲುವಿಗೆ ನಿಯಮದಲ್ಲಿ ಅವಕಾಶವಿರಲಿಲ್ಲ. ಆ ಕಾಲದ ಲೆ ಮಾನ್ಸ್‌ನಲ್ಲಿ ಅರ್ಹತಾ ವೇಗಕ್ಕೆ ಅನುಗುಣವಾಗಿ ಕಾರುಗಳನ್ನು ರಸ್ತೆಯ ಅಂಚಿನಲ್ಲಿ ಒಂದರ ಹಿಂದೊಂದು ಓರೆಯಾಗಿ ನಿಲ್ಲಿಸಲಾಗುತ್ತಿತ್ತು. ಚಾಲಕರು ರಸ್ತೆಯ ಇನ್ನೊಂದು ಬದಿಯಿಂದ ಓಡಿಬಂದು ಕಾರು ಹತ್ತುತ್ತಿದ್ದರು. ಅರ್ಹತಾ ಸುತ್ತಿನಲ್ಲಿ ಮೈಲ್ಸ್ ಅವರ ಕಾರು ಎರಡನೆಯದು, ಮೆಕ್ಲಾರೆನ್ ಅವರದು ನಾಲ್ಕನೆಯದು. ಆದ್ದರಿಂದ ಮೆಕ್ಲಾರೆನ್ ಅವರ ಕಾರು ಕೆಲವೇ ಮೀಟರ್ ಹಿಂದಿನಿಂದ ಹೊರಟಿತ್ತು. ಎರಡೂ ಕಾರುಗಳು ಒಟ್ಟಿಗೆ ಗುರಿ ಮುಟ್ಟಿದರೆ, ಹಿಂದಿನಿಂದ ಹೊರಟ ಕಾರು 24 ಗಂಟೆಗಳಲ್ಲಿ ಅಷ್ಟು ಹೆಚ್ಚು ದೂರ ಓಡಿದಂತಾಗುತ್ತದೆ ಎಂಬುದು ಸಂಘಟಕರ ಲೆಕ್ಕ. ಮೆಕ್ಲಾರೆನ್ ಮತ್ತು ಆಮನ್ ವಿಜೇತರೆಂದು ಘೋಷಿತರಾದರು. ಗೆರೆ ದಾಟುವಾಗ ಮೆಕ್ಲಾರೆನ್ ಅವರ ಕಾರು ತುಸು ಮುಂದೆಯೂ ಇತ್ತು. ಮೈಲ್ಸ್ ಕೊನೆಯ ಕ್ಷಣದಲ್ಲಿ ಬೇಕೆಂದೇ ನಿಧಾನಿಸಿದರೇ ಅಥವಾ ಮೆಕ್ಲಾರೆನ್ ವೇಗ ಹೆಚ್ಚಿಸಿದರೇ ಎಂಬ ವಿಷಯದಲ್ಲಿ ಅಭಿಪ್ರಾಯಭೇದವಿದೆ.

ಡೇಟೋನಾ, ಸೆಬ್ರಿಂಗ್ ಮತ್ತು ಲೆ ಮಾನ್ಸ್ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದ ಮೊದಲ ಚಾಲಕರೆನಿಸುವ ಅವಕಾಶ ಇದರಿಂದ ಮೈಲ್ಸ್ ಅವರಿಗೆ ತಪ್ಪಿತು. ಆಗ ಅವರಿಗೆ 47 ವರ್ಷ.

ಮರಣ

1967ರ ರೇಸ್‌ಗಳಿಗಾಗಿ ಫೋರ್ಡ್ 'ಜೆ-ಕಾರ್' ಎಂಬ ಹೊಸ ಮಾದರಿಯನ್ನು ಸಿದ್ಧಪಡಿಸುತ್ತಿತ್ತು. ತೆಳುವಾದ ಅಲ್ಯೂಮಿನಿಯಂ ಹಾಳೆಗಳ ನಡುವೆ ಜೇನುಗೂಡಿನಂಥ ರಚನೆಯನ್ನಿಟ್ಟು, ಅಂಟಿನಿಂದ ಜೋಡಿಸಿ ತಯಾರಿಸಿದ ಫಲಕಗಳಿಂದ ಅದರ ಚಾಸಿಯನ್ನು ಕಟ್ಟಲಾಗಿತ್ತು. ಇದರಿಂದ ಕಾರು ಮಾರ್ಕ್ 2ಕ್ಕಿಂತ ಹಗುರವಾಗಿತ್ತು.

1966ರ ಆಗಸ್ಟ್ 17ರಂದು ಮೈಲ್ಸ್ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಟ್ರ್ಯಾಕ್‌ನಲ್ಲಿ ದಿನವಿಡೀ ಈ ಕಾರನ್ನು ಪರೀಕ್ಷಿಸಿದರು. ಪರೀಕ್ಷೆ ಮುಗಿಯುವ ಹೊತ್ತಿಗೆ, ಇಳಿಜಾರಿನ ನೇರ ರಸ್ತೆಯ ಕೊನೆಯಲ್ಲಿ ಅತಿ ವೇಗದಲ್ಲಿದ್ದ ಕಾರು ಹಠಾತ್ತನೆ ಹತೋಟಿ ತಪ್ಪಿ ಉರುಳಿ, ತುಂಡಾಗಿ ಹೊತ್ತಿಕೊಂಡಿತು. ಕಾರಿನಿಂದ ಹೊರಗೆಸೆಯಲ್ಪಟ್ಟ ಮೈಲ್ಸ್ ಸ್ಥಳದಲ್ಲಿಯೇ ಮೃತಪಟ್ಟರು. ಅಪಘಾತದ ಕಾರಣ ಖಚಿತವಾಗಿ ಸಾಬೀತಾಗಲಿಲ್ಲ. ಅವರು ಪತ್ನಿ ಮಾಲಿ ಮತ್ತು ಒಬ್ಬ ಮಗನನ್ನು ಅಗಲಿದರು.

ಅಪಘಾತದ ನಂತರದ ಬದಲಾವಣೆಗಳು

ಈ ಅಪಘಾತದ ನಂತರ ಫೋರ್ಡ್ ಜೆ-ಕಾರಿನ ಹೊರಮೈಯನ್ನು ಬದಲಿಸಿತು. ಕಾರಿನ ಒಳಗೆ ಚಾಲಕನ ಸುತ್ತ ಉಕ್ಕಿನ ಕೊಳವೆಗಳ ಬಲವಾದ ರಕ್ಷಣಾ ಚೌಕಟ್ಟನ್ನು ಅಳವಡಿಸಲಾಯಿತು. ಅಮೆರಿಕದ ಸ್ಟಾಕ್ ಕಾರು ರೇಸ್‌ಗಳಲ್ಲಿ ಇಂಥ ಚೌಕಟ್ಟು ಬಳಕೆಯಲ್ಲಿತ್ತು. ಇದರಿಂದ ಕಾರಿನ ತೂಕ ಹೆಚ್ಚಿದರೂ ಕಂಪನಿ ಅದನ್ನು ಒಪ್ಪಿಕೊಂಡಿತು. ಹೀಗೆ ರೂಪುಗೊಂಡದ್ದೇ ಜಿಟಿ40 ಮಾರ್ಕ್ 4.

1967ರ ಲೆ ಮಾನ್ಸ್ ರೇಸ್‌ನ ರಾತ್ರಿಯಲ್ಲಿ ಮಾರಿಯೊ ಆಂಡ್ರೆಟ್ಟಿ ಅವರ ಮಾರ್ಕ್ 4 ಕಾರು ಭೀಕರ ಅಪಘಾತಕ್ಕೀಡಾಯಿತು. ಪಕ್ಕೆಲುಬುಗಳಿಗೆ ಪೆಟ್ಟಾದರೂ ಅವರು ಜೀವಸಹಿತ ಹೊರಬಂದರು. ಅವರನ್ನು ಉಳಿಸಿದ್ದು ಉಕ್ಕಿನ ಚೌಕಟ್ಟು ಎಂದು ಭಾವಿಸಲಾಗಿದೆ. ಅದೇ ರೇಸ್ ಅನ್ನು ಡ್ಯಾನ್ ಗರ್ನಿ ಮತ್ತು ಎ. ಜೆ. ಫಾಯ್ಟ್ ಇನ್ನೊಂದು ಮಾರ್ಕ್ 4 ಕಾರಿನಲ್ಲಿ ಗೆದ್ದರು. 1968 ಮತ್ತು 1969ರಲ್ಲಿಯೂ ಜಿಟಿ40 ಕಾರು ಲೆ ಮಾನ್ಸ್ ಗೆದ್ದಿತು.

1966ರ ಲೆ ಮಾನ್ಸ್‌ನಲ್ಲಿ ಗೆದ್ದ ಬ್ರೂಸ್ ಮೆಕ್ಲಾರೆನ್ ಕೂಡ 1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್ ಟ್ರ್ಯಾಕ್‌ನಲ್ಲಿ ಕಾರು ಪರೀಕ್ಷಿಸುವಾಗಲೇ ಮೃತಪಟ್ಟರು. ಮೈಲ್ಸ್ ಅವರ ಜೊತೆಗಾರ ಡೆನ್ನಿ ಹಲ್ಮ್ 1967ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು. ಮೈಲ್ಸ್ ಸೆಬ್ರಿಂಗ್‌ನಲ್ಲಿ ಗೆದ್ದ ಎಕ್ಸ್-1 ಕಾರು ಮುಂದೆ ಅಮೆರಿಕದ ಸುಂಕ ಅಧಿಕಾರಿಗಳ ಆದೇಶದಂತೆ ನಾಶವಾಯಿತು. ಪಿ/1015 ಮತ್ತು ಪಿ/1046 ಕಾರುಗಳು ಉಳಿದುಕೊಂಡಿವೆ.

ಪರಂಪರೆ

ರೇಸ್ ಕಾರುಗಳ ಇತಿಹಾಸದಲ್ಲಿ ಸಾಮಾನ್ಯವಾಗಿ ಗೆದ್ದ ಚಾಲಕರ ಹೆಸರುಗಳೇ ಉಳಿಯುತ್ತವೆ. ಪರೀಕ್ಷಾ ಚಾಲಕರ ದುಡಿಮೆ ದಾಖಲೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಲೆ ಮಾನ್ಸ್ ವಿಜೇತರ ಪಟ್ಟಿಯಲ್ಲಿ ಮೈಲ್ಸ್ ಅವರ ಹೆಸರಿಲ್ಲ. ಆದರೆ 1966ರಲ್ಲಿ ಗೆದ್ದ ಕಾರು ಮತ್ತು ಸೋತ ಕಾರು ಎರಡೂ ಅವರು ಪರೀಕ್ಷಿಸಿ ತಿದ್ದಿದ ಮಾದರಿಯವೇ ಆಗಿದ್ದವು. 2001ರಲ್ಲಿ ಅಮೆರಿಕದ ಮೋಟಾರ್‌ಸ್ಪೋರ್ಟ್ಸ್ ಹಾಲ್ ಆಫ್ ಫೇಮ್ ಗೌರವ ಅವರಿಗೆ ಮರಣೋತ್ತರವಾಗಿ ಸಂದಿತು.

ಚಲನಚಿತ್ರದಲ್ಲಿ

ಜೇಮ್ಸ್ ಮ್ಯಾನ್‌ಗೋಲ್ಡ್ ನಿರ್ದೇಶನದ 'ಫೋರ್ಡ್ ವರ್ಸಸ್ ಫೆರಾರಿ' (2019) ಚಿತ್ರದಲ್ಲಿ ಕ್ರಿಶ್ಚಿಯನ್ ಬೇಲ್ ಮೈಲ್ಸ್ ಪಾತ್ರವನ್ನೂ ಮ್ಯಾಟ್ ಡೇಮನ್ ಶೆಲ್ಬಿ ಪಾತ್ರವನ್ನೂ ನಿರ್ವಹಿಸಿದ್ದಾರೆ. ಚಿತ್ರವು ಸಂಕಲನ ಮತ್ತು ಧ್ವನಿ ಸಂಕಲನ ವಿಭಾಗಗಳಲ್ಲಿ ಆಸ್ಕರ್ ಪ್ರಶಸ್ತಿ ಪಡೆಯಿತು. ಮೈಲ್ಸ್ ಅವರ ಹೆಸರು ರೇಸ್ ಅಭಿಮಾನಿಗಳ ವಲಯದಿಂದಾಚೆಗೆ ಹಬ್ಬಿದ್ದು ಈ ಚಿತ್ರದಿಂದ. ಕಥೆಯ ಅನುಕೂಲಕ್ಕಾಗಿ ಚಿತ್ರದಲ್ಲಿ ಕೆಲವು ಬದಲಾವಣೆಗಳಿವೆ. 1965ರ ಲೆ ಮಾನ್ಸ್ ತಂಡದಿಂದ ಮೈಲ್ಸ್ ಅವರನ್ನು ಕೈಬಿಟ್ಟಂತೆ ಚಿತ್ರ ತೋರಿಸುತ್ತದೆ, ವಾಸ್ತವದಲ್ಲಿ ಅವರು ಆ ರೇಸ್‌ನಲ್ಲಿ ಭಾಗವಹಿಸಿದ್ದರು. 1966ರ ರೇಸ್ ನೋಡಲು ಎಂಜೊ ಫೆರಾರಿ ಬಂದಿದ್ದಂತೆ ಚಿತ್ರದಲ್ಲಿದೆ, ಆದರೆ ಅವರು ಅಲ್ಲಿಗೆ ಹೋಗಿರಲಿಲ್ಲ.

ಪ್ರಮುಖ ಫಲಿತಾಂಶಗಳು

- 1955, ಲೆ ಮಾನ್ಸ್ 24 ಗಂಟೆ: ಎಂಜಿ ಇಎಕ್ಸ್182, ಜೊತೆಗಾರ ಜಾನಿ ಲಾಕೆಟ್ – 12ನೆಯ ಸ್ಥಾನ
- 1965, ಡೇಟೋನಾ 2,000 ಕಿ.ಮೀ.: ಫೋರ್ಡ್ ಜಿಟಿ40, ಜೊತೆಗಾರ ಲಾಯ್ಡ್ ರೂಬಿ – ಗೆಲುವು
- 1965, ಸೆಬ್ರಿಂಗ್ 12 ಗಂಟೆ: ಫೋರ್ಡ್ ಜಿಟಿ40, ಜೊತೆಗಾರ ಬ್ರೂಸ್ ಮೆಕ್ಲಾರೆನ್ – 2ನೆಯ ಸ್ಥಾನ
- 1965, ಲೆ ಮಾನ್ಸ್ 24 ಗಂಟೆ: ಫೋರ್ಡ್ ಜಿಟಿ40 ಮಾರ್ಕ್ 2, ಜೊತೆಗಾರ ಬ್ರೂಸ್ ಮೆಕ್ಲಾರೆನ್ – ಪೂರ್ಣಗೊಳಿಸಲಿಲ್ಲ
- 1966, ಡೇಟೋನಾ 24 ಗಂಟೆ: ಫೋರ್ಡ್ ಜಿಟಿ40 ಮಾರ್ಕ್ 2 (ಪಿ/1015), ಜೊತೆಗಾರ ಲಾಯ್ಡ್ ರೂಬಿ – ಗೆಲುವು
- 1966, ಸೆಬ್ರಿಂಗ್ 12 ಗಂಟೆ: ಫೋರ್ಡ್ ಎಕ್ಸ್-1, ಜೊತೆಗಾರ ಲಾಯ್ಡ್ ರೂಬಿ – ಗೆಲುವು
- 1966, ಲೆ ಮಾನ್ಸ್ 24 ಗಂಟೆ: ಫೋರ್ಡ್ ಜಿಟಿ40 ಮಾರ್ಕ್ 2 (ಪಿ/1015), ಜೊತೆಗಾರ ಡೆನ್ನಿ ಹಲ್ಮ್ – 2ನೆಯ ಸ್ಥಾನ